ಹಬ್ಬದ ಸಿಂಗಾರವೂ ನಮ್ಮ ಬೋನಸ್ಸೂ

ದೀಪಾವಳಿಗೆ ಹದಿನೈದು ದಿನ ಇರುವಾಗಲೇ ದಿಲ್ಲಿಯ ಸದರ್ ಬಜಾರಿನಲ್ಲಿ ಕಾಲಿಡಲು ತೆರಪಿರುವುದಿಲ್ಲ. ಪ್ಲಾಸ್ಟಿಕ್ಕಿನ ಮಾವಿನೆಲೆ, ಪ್ಲಾಸ್ಟಿಕ್ಕಿನ ಚೆಂಡುಹೂ, ಬೇಗಡೆಯ ಜಾಲರಿ, ಕಣ್ಣು ಕುಕ್ಕುವ ವಿದ್ಯುತ್ ಸರ. ಒಳಗೆ ಹಿಡಿಯಷ್ಟು ತಿಂಡಿ, ಹೊರಗೆ ಮೊಳದಗಲದ ಡಬ್ಬಿ. ಈ ಜಾತ್ರೆಯಲ್ಲಿ ನಮ್ಮವರೂ ಇರುತ್ತಾರೆ. ಹನ್ನೊಂದು ತಿಂಗಳು ಕಾಸಿಗೆ ಕಾಸು ಕೂಡಿಸಿ ಊರಿಗೆ ಹಣ ಕಳಿಸುವ ಹೋಟೆಲ್ ಕೆಲಸಗಾರನು, ಹೆಚ್ಚು ಹೊತ್ತಿನ ದುಡಿಮೆಗೆ ನಿಂತು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸುವ ಕಾರ್ಖಾನೆಯ ಕೆಲಸಗಾರನು, ಬೋನಸ್ ಬಂದ ವಾರದಲ್ಲಿ ಅಲ್ಲಿ ಕೈಬಿಚ್ಚಿ ಸುರಿದು ಬರುತ್ತಾನೆ. ಹಬ್ಬ ಕಳೆದ ಎಂಟನೆಯ ದಿನಕ್ಕೆ ಆ ಸರ ಉರಿಯುವುದಿಲ್ಲ. ಆ ಡಬ್ಬಿ ಕಸದ ಗಾಡಿಯಲ್ಲಿರುತ್ತದೆ.

ಹಬ್ಬ ಮಾಡಬಾರದೆಂದು ಯಾರೂ ಹೇಳುವುದಿಲ್ಲ. ದುಡಿಯುವವನಿಗೆ ಹಬ್ಬ ಬೇಕು. ಇತರರಿಗಿಂತ ಹೆಚ್ಚಾಗಿಯೇ ಬೇಕು. ಆದರೆ ಹಬ್ಬದ ಸಿಂಗಾರವನ್ನೂ ಉಡುಗೊರೆಯ ಹೊದಿಕೆಯನ್ನೂ ನಮ್ಮ ಕೈಯಿಂದಲೇ ಮಾಡಿಕೊಳ್ಳಬಹುದು, ಮಾಡಿಕೊಳ್ಳಬೇಕು, ಅದರಿಂದ ನಮ್ಮ ಗೌರವಕ್ಕೆ ಕುಂದಿಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ಈ ಹಣ ಎಲ್ಲಿಂದ ಬಂತು ಎಂಬುದನ್ನು ನೆನೆಯೋಣ. ಬೋನಸ್ಸನ್ನು ಯಾವ ಧಣಿಯೂ ಪ್ರೀತಿಯಿಂದ ಕರೆದು ಕೊಟ್ಟುದಲ್ಲ. 1923ನೆಯ ಸಾಲಿನ ಬೋನಸ್ ಕೊಡುವುದಿಲ್ಲವೆಂದು ಮುಂಬಯಿಯ ಗಿರಣಿ ಮಾಲಿಕರು ಕೈಯೆತ್ತಿದಾಗ 1924ರ ಆರಂಭದಲ್ಲಿ ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅಂದಿನ ತನಿಖಾ ಸಮಿತಿ ಬೋನಸ್ಸು ಹಕ್ಕೇ ಅಲ್ಲವೆಂದು ಹೇಳಿ ಕೈತೊಳೆದುಕೊಂಡಿತು. ಅದು ಕಾಯಿದೆಯ ಹಕ್ಕಾಗಲು 1965ರವರೆಗೆ ಕಾಯಬೇಕಾಯಿತು. ಆಗಲೂ ಕನಿಷ್ಠ ಬೋನಸ್ ನೂರಕ್ಕೆ 4 ಮಾತ್ರ. ಅದು ನೂರಕ್ಕೆ 8.33 ಆದುದು ಎಪ್ಪತ್ತರ ದಶಕದಲ್ಲಿ. ಎಂದರೆ ಹನ್ನೆರಡರಲ್ಲಿ ಒಂದು ಪಾಲು. 2019ರ ವೇತನ ಸಂಹಿತೆಯೂ ಅದೇ 8.33ನ್ನು ಉಳಿಸಿಕೊಂಡಿದೆ. ನಮ್ಮ ಹಿರಿಯರು ಒಲೆ ಹಚ್ಚದೆ ಕೂತು ಗಳಿಸಿದ ಈ ಪಾಲನ್ನು ನಾವು ಬೇಗಡೆಗೆ ಕೊಟ್ಟು ಬರುವುದೆಂದರೆ ಏನರ್ಥ?

ಒಂದು ಲೆಕ್ಕ ಹಾಕಿ ನೋಡಿ. ಹತ್ತು ಮನೆಗೆ ಹತ್ತು ಡಬ್ಬಿ. ಒಂದಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೂ 3,000 ಆಯಿತು. ಬಾಗಿಲ ಸಿಂಗಾರಕ್ಕೆ ಇನ್ನೊಂದು ಸಾವಿರ. ಈ 4,000 ರೂಪಾಯಿಯಲ್ಲಿ ಒಬ್ಬನು ಸ್ಲೀಪರ್ ಗಾಡಿಯಲ್ಲಿ ಊರಿಗೆ ಹೋಗಿ, ತಾಯಿಯ ಮುಖ ನೋಡಿ, ಹಿಂದಕ್ಕೆ ಬರಬಹುದು. ಕೈಯಲ್ಲಿ ಇನ್ನೂ ಚಿಲ್ಲರೆ ಉಳಿಯುತ್ತದೆ. ಹತ್ತು ಡಬ್ಬಿಗಳಲ್ಲಿ ಆರು ಸೋನ್ ಪಾಪ್ಡಿಯವು. ಅವುಗಳನ್ನು ಪಡೆದವರು ತೆರೆಯದೆಯೇ ಇನ್ನೊಬ್ಬರಿಗೆ ದಾಟಿಸುತ್ತಾರೆ ಎಂಬುದು ದಿಲ್ಲಿಯಲ್ಲಿ ಎಲ್ಲರೂ ಬಲ್ಲ ನಗೆಮಾತು. ಹೀಗೆ ದಾಟಿ ದಾಟಿ ಯಾರ ಬಾಯಿಗೂ ಬೀಳದ ವಸ್ತುವಿಗೆ ನಮ್ಮ ಬೆವರಿನ ಹಣ ತೆತ್ತಂತಾಯಿತು.

ಮುಂದಿನ ವರ್ಷವೂ ಬೋನಸ್ ಬರುತ್ತದಲ್ಲ ಎಂದು ಕೆಲವರು ಹೇಳಬಹುದು. ಈ ನಗರದ ಗಿರಣಿಗಳ ಕಥೆ ಬಲ್ಲವರು ಹಾಗೆ ಹೇಳಲಾರರು. 1889ರಲ್ಲಿ ಆರಂಭವಾದ ದಿಲ್ಲಿ ಕ್ಲಾತ್ ಮಿಲ್ಲು 1989ರಲ್ಲಿ ಮುಚ್ಚಿತು. 1996ರ ಜುಲೈಯಲ್ಲಿ ಸುಪ್ರೀಂ ಕೋರ್ಟು 168 ಕಾರ್ಖಾನೆಗಳು ಅದೇ ನವೆಂಬರ್ 30ರೊಳಗೆ ದಿಲ್ಲಿಯಲ್ಲಿ ಕೆಲಸ ನಿಲ್ಲಿಸಬೇಕೆಂದು ಆಜ್ಞೆ ಮಾಡಿತು. ಬಿರ್ಲಾ ಮಿಲ್ಲು, ಸ್ವತಂತ್ರ ಭಾರತ ಮಿಲ್ಲುಗಳ ಭೋಂಗಾ ಅಲ್ಲಿಗೆ ನಿಂತಿತು. ಇಂದು ನಮ್ಮವರು ದುಡಿಯುವ ಓಖ್ಲಾ, ನೋಯ್ಡಾ, ಗುರುಗ್ರಾಮದ ಉಡುಪಿನ ಕಾರ್ಖಾನೆಗಳಲ್ಲಿ ಕೆಲಸದ ಭದ್ರತೆ ಅಷ್ಟೂ ಇಲ್ಲ. ಆದುದರಿಂದ ಬಂದ ವರ್ಷದ ಬೋನಸ್ಸನ್ನು ಬಾರದ ವರ್ಷಕ್ಕೆ ಕಾದಿಡುವುದೇ ಜಾಣತನ.

ಇನ್ನು ಮುಖ್ಯವಾದ ಆಕ್ಷೇಪಣೆ: "ಮನೆಯಲ್ಲೇ ಮಾಡಿದ್ದನ್ನು ತೂಗುಹಾಕಿದರೆ ನೆರೆಯವರು ನಮ್ಮನ್ನು ಬಡವರೆನ್ನುವುದಿಲ್ಲವೆ? ಮಕ್ಕಳು ಬೇಸರಪಡುವುದಿಲ್ಲವೆ?" ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ಹುಟ್ಟಿದ್ದೇ ಈ ಅಂಜಿಕೆಯಿಂದ. ಕೈಯಲ್ಲಿ ಕಸುಬಿದ್ದವನು ಕೊಂಡು ತಂದು ತೂಗಿಸುವುದೇ ನಿಜವಾಗಿ ನಾಚಿಕೆಯ ಮಾತು. ಹೋಟೆಲಿನ ಸಪ್ಲಾಯರ್ ಒಂದು ಕಾಗದದ ಕರವಸ್ತ್ರವನ್ನು ಮೂರು ಸಲ ಮಡಿಸಿ ಬೀಸಣಿಗೆ ಮಾಡಿ ಲೋಟದಲ್ಲಿ ನಿಲ್ಲಿಸುತ್ತಾನೆ. ಸಾಹುಕಾರರ ಮಕ್ಕಳು ಅದನ್ನು ಬೆರಗಿನಿಂದ ನೋಡುತ್ತಾರೆ. ಉಡುಪಿನ ಕಾರ್ಖಾನೆಯವನು ಕಣ್ಣಳತೆಯಲ್ಲಿ ನೇರವಾಗಿ ಬಟ್ಟೆ ಕತ್ತರಿಸುತ್ತಾನೆ. ಪರರ ಮೇಜನ್ನು, ಪರರ ಮೈಯನ್ನು ಸಿಂಗರಿಸುವ ಈ ಕೈಗಳು ತಮ್ಮ ಬಾಗಿಲನ್ನು ಸಿಂಗರಿಸಲು ಅಳುಕಬೇಕೆ? ಮಕ್ಕಳ ವಿಷಯ ಹೇಳುವುದಾದರೆ, ತಾನೇ ಅಂಟು ಹಚ್ಚಿದ ದೀಪ ಹೊತ್ತಿದಾಗ ಹುಡುಗನ ಮುಖದಲ್ಲಿ ಕಾಣುವ ಬೆಳಕು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಮತ್ತು ಇದು ನಮಗೆ ಹೊಸದೂ ಅಲ್ಲ. ಗೌರೀ ಹಬ್ಬದ ಬಾಗಿನವನ್ನು ನೆನೆಯಿರಿ. ಮೊರಕ್ಕೆ ಅರಿಶಿನ ಬಳಿದು, ಅದರಲ್ಲಿ ಧಾನ್ಯ, ತೆಂಗಿನಕಾಯಿ, ಬಳೆ, ರವಕೆಯ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ ಕೊಡುತ್ತಾರೆ. ಇದಕ್ಕಿಂತ ಚೆಂದದ ಉಡುಗೊರೆಯ ಪೆಟ್ಟಿಗೆಯನ್ನು ಯಾವ ಕಂಪೆನಿ ಮಾಡಿದೆ? ಒಳಗಿನದು ಮುಗಿದ ಮೇಲೆ ಪೆಟ್ಟಿಗೆಯೇ ಅಕ್ಕಿ ಕೇರುವ ಕೆಲಸಕ್ಕೆ ನಿಲ್ಲುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಪುಟ್ಟ ಪೊಟ್ಟಣಗಳಲ್ಲಿ ಮನೆಮನೆಗೆ ಹೋಗುತ್ತದೆ. ಕರಾವಳಿಯ ಕ್ರೈಸ್ತ ಬಂಧುಗಳು ಕ್ರಿಸ್‌ಮಸ್ಸಿಗೆ ನೆವ್ರಿ, ಕಿಡಿಯೊ ಮುಂತಾದ ಕುಸ್ವಾರನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ನೆರೆಯವರಿಗೆ ಹಂಚುತ್ತಾರೆ. ಗೋದಲಿಯನ್ನು ಮನೆಯ ಮಕ್ಕಳೇ ಕಟ್ಟುತ್ತಾರೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡುವ ಗೂಡುದೀಪಕ್ಕೆ ಸ್ಪರ್ಧೆಗಳೇ ನಡೆಯುತ್ತವೆ. ಊರಿನಲ್ಲಿ ಬಹುಮಾನಕ್ಕೆ ಯೋಗ್ಯವಾದ ಕಲೆ ದಿಲ್ಲಿಗೆ ಬಂದ ಕೂಡಲೆ ಬಡತನದ ಗುರುತಾಗುವುದು ಹೇಗೆ?

ಹಾಗಾದರೆ ದಿಲ್ಲಿಯಲ್ಲಿ ಏನು ಸಿಗುತ್ತದೆ, ಏನು ಮಾಡಬಹುದು?

ಗೂಡುದೀಪದಿಂದಲೇ ಆರಂಭಿಸೋಣ. ಈ ನಗರದಲ್ಲಿ ಆಗಸ್ಟ್ 15ರಂದು ಆಕಾಶದ ತುಂಬ ಗಾಳಿಪಟ. ಹಳೆಯ ದಿಲ್ಲಿಯ ಲಾಲ್ ಕುವಾಂ ಬಜಾರು ಅದಕ್ಕೆ ಹೆಸರಾದ ಜಾಗ. ಆ ದಿನ ಕಳೆದ ಮೇಲೆ ಗಾಳಿಪಟದ ಕಾಗದವನ್ನೂ ಬಿದಿರ ಕಡ್ಡಿಯನ್ನೂ ಕೇಳುವವರಿಲ್ಲ; ಆಗ ಕೊಂಡಿಡಬೇಕು. ಮಾಳಿಗೆಯ ಮೇಲೆ ಬಿದ್ದ ಹರಕು ಪಟಗಳ ಕಡ್ಡಿಯನ್ನು ಮಕ್ಕಳು ದುಡ್ಡಿಲ್ಲದೆಯೇ ಆಯ್ದು ತರುತ್ತಾರೆ. ಅವುಗಳಿಗೆ ಸುತ್ತಿಕೊಂಡ ಮಾಂಜಾ ದಾರವನ್ನು ಮಾತ್ರ ಕೈಯಿಂದ ಮುಟ್ಟದೆ ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಅಂಟಿಗೆ ಒಂದು ಹಿಡಿ ಮೈದಾ ಸಾಕು: ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಗಂಜಿಯಾಗುವವರೆಗೆ ಕಾಯಿಸಿದರಾಯಿತು. ಒಳಗೆ ಮೇಣದಬತ್ತಿಯ ಬದಲು ಚಿಕ್ಕ ವಿದ್ಯುತ್ ದೀಪ ಇಡಿ. ಎಂಟು ಜನ ಮಲಗುವ ಕೋಣೆಯಲ್ಲಿ ಕಾಗದದ ಗೂಡಿಗೆ ಬೆಂಕಿ ತಗಲಿದರೆ ಓಡಲು ದಾರಿ ಇರುವುದಿಲ್ಲ.

ಅಡುಗೆ ಎಣ್ಣೆಯ ತಗಡಿನ ಡಬ್ಬಿಯಿಂದಲೂ ದೀಪದ ಗೂಡು ಆಗುತ್ತದೆ. ಡಬ್ಬಿಗೆ ಒದ್ದೆ ಮರಳು ಗಟ್ಟಿಯಾಗಿ ತುಂಬಿ, ಹೊರಗೆ ಸುಣ್ಣದಲ್ಲಿ ಹೂವಿನ ಚಿತ್ರ ಬರೆದು, ಆ ಗೆರೆಯ ಮೇಲೆ ಮೊಳೆಯಿಂದ ತೂತು ಹೊಡೆಯುತ್ತ ಹೋಗಬೇಕು. ಮರಳು ಇರುವುದರಿಂದ ತಗಡು ನೆಗ್ಗುವುದಿಲ್ಲ. ಮರಳು ಸುರಿದು ಒಳಗೆ ಹಣತೆ ಇಟ್ಟರೆ ಗೋಡೆಯ ತುಂಬ ಬೆಳಕಿನ ಹೂ. ತೆಂಗಿನ ಗೆರಟೆಯನ್ನು ಗಾಜಿನ ಚೂರಿನಿಂದ ಹೆರೆದು ನಯಮಾಡಿದರೆ ಕುಂಕುಮದ ಬಟ್ಟಲಾಯಿತು.

ತೋರಣಕ್ಕೆ ಪ್ಲಾಸ್ಟಿಕ್ಕೇಕೆ? ಗಾಜಿಪುರದ ಸಗಟು ಹೂವಿನ ಮಾರುಕಟ್ಟೆಗೆ ನಾಲ್ಕು ಮನೆಯವರು ಸೇರಿ ಒಬ್ಬನನ್ನು ಬೆಳಗಿನ ಜಾವ ಕಳಿಸಿದರೆ ಚೆಂಡುಹೂವು ಅಗ್ಗವಾಗಿ ಬರುತ್ತದೆ. ಮಾವಿನೆಲೆ ಸಿಗದ ಕಡೆ ಇಲ್ಲಿಯವರು ಅಶೋಕದ ಎಲೆ ಕಟ್ಟುತ್ತಾರೆ, ನಾವೂ ಕಟ್ಟೋಣ. ರಸ್ತೆ ಬದಿಯ ಮರದ ಟೊಂಗೆ ಮುರಿಯಬೇಡಿ. ದಿಲ್ಲಿಯಲ್ಲಿ ಮರಗಳ ರಕ್ಷಣೆಗೆ 1994ರಿಂದ ಕಾಯಿದೆಯೇ ಇದೆ. ರಂಗೋಲಿಗೆ ಬಿಳಿಯದು ಅಕ್ಕಿ ಹಿಟ್ಟು, ಹಳದಿ ಅರಿಶಿನ, ಕೆಂಪು ಕುಂಕುಮ, ಕಂದು ಬಣ್ಣಕ್ಕೆ ಬಿಸಿಲಲ್ಲಿ ಒಣಗಿಸಿದ ಕಾಫಿಯ ಚರಟ. ಹೋಟೆಲಿನ ಹಿಂಬಾಗಿಲಲ್ಲಿ ದಿನವೂ ಗುಡ್ಡೆಯಾಗುವ ಈರುಳ್ಳಿ ಸಿಪ್ಪೆಯನ್ನು ಕುದಿಸಿ, ಆ ನೀರಿಗೆ ಚಿಟಿಕೆ ಪಟಿಕ ಹಾಕಿ, ಬಿಳಿ ಹತ್ತಿ ಬಟ್ಟೆ ಅದ್ದಿದರೆ ಕಾವಿಗೂ ಹಳದಿಗೂ ನಡುವಣ ಸೊಗಸಾದ ಬಣ್ಣ ಬರುತ್ತದೆ. ಉಡುಗೊರೆ ಕಟ್ಟಲು ಇದಕ್ಕಿಂತ ಬೇರೆ ಬಟ್ಟೆ ಬೇಡ.

ಉಡುಗೊರೆಯ ಹೊದಿಕೆಗೆ ಹಳೆಯ ಕ್ಯಾಲೆಂಡರಿನ ಹಾಳೆಯಷ್ಟು ಗಟ್ಟಿಯಾದ ಕಾಗದ ಬೇರಿಲ್ಲ. ಬಿಳಿಯ ಮಗ್ಗುಲು ಹೊರಗೆ ಬರುವಂತೆ ಮಡಿಸಿ ಸಣ್ಣ ಪೆಟ್ಟಿಗೆ ಮಾಡಿ, ಮೇಲೆ ಮಕ್ಕಳಿಂದ ಕೊಡುವವರ ಹೆಸರು ಬರೆಸಿ. ಆದರೆ ತಿನ್ನುವ ವಸ್ತುವಿಗೆ ಅಚ್ಚಿನ ಮಸಿ ತಗಲಬಾರದು. ಮಸಿಯಲ್ಲಿ ಸೀಸದಂಥ ವಿಷ ಇರಬಹುದಾದುದರಿಂದ ವೃತ್ತಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2023ರಲ್ಲಿಯೂ ಎಚ್ಚರಿಸಿದೆ. ಒಳಗೆ ಬಾಳೆಲೆಯ ತುಂಡು ಹಾಸಿದರೆ ಭಯವಿಲ್ಲ, ಮೇಲಾಗಿ ಪರಿಮಳ.

ಊರಿಗೆ ಒಯ್ಯುವ ವಸ್ತುವಿಗೆ ಎರಡು ದಿನದ ರೈಲಿನ ಕುಲುಕಾಟ ತಡೆಯುವ ಕಟ್ಟು ಬೇಕು. ರಟ್ಟಿನ ಡಬ್ಬಿ ಮಥುರೆ ದಾಟುವುದರೊಳಗೆ ನೆಗ್ಗುತ್ತದೆ. ತಂದೆಗೆ ಕೊಂಡ ಶಾಲಿನಲ್ಲೇ ತಾಯಿಗೆ ಕೊಂಡ ಪಾತ್ರೆಯನ್ನು ಕಟ್ಟಿರಿ. ಕಟ್ಟೂ ಉಡುಗೊರೆ, ಒಳಗಿನದೂ ಉಡುಗೊರೆ. ಜಪಾನಿನಲ್ಲಿ ಹೀಗೆ ಚೌಕ ಬಟ್ಟೆಯಲ್ಲಿ ಉಡುಗೊರೆ ಕಟ್ಟುವುದಕ್ಕೆ ಫುರೋಶಿಕಿ ಎಂದು ಹೆಸರು. 2006ರಲ್ಲಿ ಅಲ್ಲಿಯ ಪರಿಸರ ಮಂತ್ರಿಯೇ ಪ್ಲಾಸ್ಟಿಕ್ ಚೀಲದ ಬದಲು ಅದನ್ನು ಬಳಸಿರೆಂದು ಪ್ರಚಾರಕ್ಕೆ ನಿಂತರು. ಜಪಾನಿನವರು ಮಾಡಿದರೆ ಕಲೆ, ನಮ್ಮ ಅಜ್ಜಿ ಕಟ್ಟಿದರೆ ಗಂಟುಮೂಟೆ ಎಂದು ಭಾವಿಸುವುದು ನಮ್ಮ ಕಣ್ಣಿನ ದೋಷ.

ಬಾಗಿನದ ಮೊರ ದಿಲ್ಲಿಯಲ್ಲಿ ಎಲ್ಲಿ ಎಂದು ಕೇಳುವ ಅಕ್ಕತಂಗಿಯರಿಗೆ ಒಂದು ಸೂಚನೆ. ದೀಪಾವಳಿ ಕಳೆದ ಆರನೆಯ ದಿನ ಬಿಹಾರದ ಬಂಧುಗಳ ಛಠ್ ಪೂಜೆ. ಸೂರ್ಯನಿಗೆ ಅರ್ಘ್ಯ ಕೊಡಲು ಅವರಿಗೂ ಬಿದಿರ ಮೊರವೇ ಬೇಕು. ಅವರು ಅದನ್ನು ಸೂಪ್ ಎನ್ನುತ್ತಾರೆ. ಆ ವಾರ ಬೀದಿಬೀದಿಯಲ್ಲಿ ಮೊರದ ರಾಶಿ ಬೀಳುತ್ತದೆ. ಮುಂದಿನ ಭಾದ್ರಪದಕ್ಕೆ ಆಗಲೇ ಕೊಂಡಿಟ್ಟರಾಯಿತು. ಕಾರ್ಖಾನೆಯಲ್ಲಿ ಪಕ್ಕದ ಯಂತ್ರದ ಮೇಲೆ ಕೂರುವ ಬಿಹಾರದ ಗೆಳೆಯನ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದೇ ಮೊರ ದೇವರ ಮುಂದೆ ಕೂರುತ್ತದೆ ಎಂಬುದು ಯೋಚಿಸತಕ್ಕ ವಿಷಯ.

ಸರಕಾರದ ನಿಯಮವೂ ಈಗ ನಮ್ಮ ಪಕ್ಷದಲ್ಲಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಒಂದೇ ಸಲ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದ್ದಾರೆ. ಸಿಹಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಸಿಂಗಾರಕ್ಕೆ ಬಳಸುವ ಥರ್ಮೋಕೋಲೂ ಆ ಪಟ್ಟಿಯಲ್ಲಿವೆ. ಕಾಗದ, ಎಲೆ, ಬಟ್ಟೆ, ಮಣ್ಣುಗಳಿಗೆ ಯಾವ ನಿಷೇಧವೂ ಇಲ್ಲ.

ಇಲ್ಲಿ ಕೆಲವು ಎಚ್ಚರಿಕೆಯ ಮಾತುಗಳನ್ನು ಹೇಳದೆ ಇರಲಾಗದು.

ಮಿತವ್ಯಯವೆಂದರೆ ಇನ್ನೊಬ್ಬ ದುಡಿಯುವವನ ಹೊಟ್ಟೆಗೆ ಹೊಡೆಯುವುದಲ್ಲ. ಉತ್ತಮ ನಗರದ ಕುಂಬಾರರ ಬೀದಿಯಲ್ಲಿ ತಿಂಗಳುಗಟ್ಟಲೆ ತಿಗರಿ ತಿರುಗಿಸಿ ಹಣತೆ ಮಾಡುವವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಬೇಡಿ. ಖರ್ಚು ಮಾಡುವುದಾದರೆ ಅಲ್ಲಿ ಮಾಡಿ. ಹಣತೆಯನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಎಣ್ಣೆ ಹೀರುವುದು ಕಡಿಮೆಯಾಗುತ್ತದೆ; ನಿಮ್ಮ ಎರಡು ರೂಪಾಯಿ ಅಲ್ಲಿ ಉಳಿಯಿತು.

ಕಾರ್ಖಾನೆಯ ಕತ್ತರಿಸಿ ಉಳಿದ ತುಂಡು ಬಟ್ಟೆಯಿಂದ ಚೆಂದದ ಸಂಚಿಗಳಾಗುತ್ತವೆ, ನಿಜ. ಆದರೆ ಹೇಳದೆ ಕೇಳದೆ ಒಂದು ಚಿಂದಿಯನ್ನೂ ಗೇಟಿನಾಚೆ ಒಯ್ಯಬೇಡಿ. ಒಂದು ಮೊಳ ಬಟ್ಟೆಗಾಗಿ ಕಳ್ಳನೆನಿಸಿಕೊಂಡು ಕೆಲಸ ಕಳೆದುಕೊಳ್ಳಬೇಕಾದೀತು. ಮೇಲಿನವರಿಂದ ಚೀಟಿ ಬರೆಸಿಕೊಳ್ಳಿ. ನಾಲ್ಕು ಜನ ಕೂಡಿ ಕೇಳಿದರೆ ಕೊಡುವುದು ಸುಲಭ. ಹೋಟೆಲಿನ ತಗಡಿನ ಡಬ್ಬಿ, ಗೆರಟೆಗಳಿಗೂ ಇದೇ ಮಾತು.

ಇನ್ನೊಂದು, ಗಂಡಸರಿಗೆ. "ಮನೆಯಲ್ಲೇ ಮಾಡೋಣ" ಎಂದು ಅಪ್ಪಣೆ ಕೊಡಿಸಿ, ತಾವು ಚಾವಡಿಯಲ್ಲಿ ಕೂತು, ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟಿದರೆ ಅದು ಉಳಿತಾಯವಲ್ಲ, ಕೂಲಿ ಕೊಡದ ದುಡಿತ. ಅವಳೂ ಅಷ್ಟೇ ದಣಿದಿರುತ್ತಾಳೆ. ಹೋಟೆಲಿನಲ್ಲಿ ನೂರು ಜನರಿಗೆ ಹಿಟ್ಟು ಕಲಸುವ ಕೈ ಮನೆಯಲ್ಲಿ ಅಂಟು ಕಾಯಿಸಲಿ.

ಕಡೆಯದಾಗಿ, ಬಹಳ ಮುಖ್ಯವಾದುದು. ಮನೆಯಲ್ಲಿ ಮಿತವಾಗಿರಬೇಕೆಂದ ಮಾತ್ರಕ್ಕೆ ದುಡಿಯುವ ಕಡೆ ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಕೆಲವೆಡೆ ಹಬ್ಬದ ಮುನ್ನಾದಿನ ಹೊಳೆಯುವ ಕಾಗದ ಸುತ್ತಿದ ಸಿಹಿ ಡಬ್ಬಿಯೊಂದನ್ನು ಕೈಗಿತ್ತು, "ಇದೇ ನಿಮ್ಮ ದೀಪಾವಳಿ" ಎಂದು ಬೆನ್ನು ತಟ್ಟಿ ಕಳಿಸುವುದುಂಟು. ಡಬ್ಬಿಯನ್ನು ನಮಸ್ಕಾರ ಮಾಡಿ ತೆಗೆದುಕೊಳ್ಳಿ. ಆದರೆ ಡಬ್ಬಿ ಬೋನಸ್ಸಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ, ಸಂಬಳದ ಮಿತಿಯೊಳಗಿದ್ದು ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದವನಿಗೆ ಬೋನಸ್ ಸಲ್ಲಬೇಕು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ, ಎಂದರೆ ಮಾರ್ಚಿಗೆ ಲೆಕ್ಕ ಮುಗಿಸುವಲ್ಲಿ ನವೆಂಬರ್ 30ರೊಳಗೆ, ಅದು ಬ್ಯಾಂಕಿನ ಖಾತೆಗೆ ಜಮೆಯಾಗಬೇಕು ಎನ್ನುತ್ತದೆ ವೇತನ ಸಂಹಿತೆ. ಹೊರಗಿನ ಬೇಗಡೆ ನೋಡಿ ಒಳಗಿನ ತೂಕ ಮರೆಯಬಾರದೆಂಬ ಪಾಠ ಅಂಗಡಿಯ ಡಬ್ಬಿಗೆ ಹೇಗೋ ಧಣಿಯ ಡಬ್ಬಿಗೂ ಹಾಗೆಯೇ.

ನಮ್ಮ ಸಂಘದ ಕಾರ್ಯಕರ್ತರಲ್ಲಿ ಒಂದು ವಿನಂತಿ. ನವೆಂಬರ್ 1ರ ರಾಜ್ಯೋತ್ಸವವೂ ದೀಪಾವಳಿಯೂ ಹೆಚ್ಚುಕಡಿಮೆ ಜೊತೆಗೇ ಬರುತ್ತವೆ. ಈ ಸಲ ಚಪ್ಪರ, ಸಿಂಗಾರವನ್ನು ಗುತ್ತಿಗೆಗೆ ಕೊಡುವುದು ಬೇಡ. ಅದಕ್ಕೆ ಮೊದಲು ಗೂಡುದೀಪ, ತೋರಣ, ಪೊಟ್ಟಣ ಕಟ್ಟುವ ಕೂಟವೊಂದನ್ನು ಕರೆಯಿರಿ. ಭಾನುವಾರ ಇಡಬೇಡಿ, ಹೋಟೆಲಿನವರಿಗೆ ಭಾನುವಾರವೇ ಮೈಮುರಿಯುವ ದಿನ. ವಾರದ ನಡುವೆ, ಊಟದ ಗಿರಾಕಿ ಮುಗಿದು ಸಂಜೆಯ ಕಾಫಿ ಶುರುವಾಗುವುದರೊಳಗಿನ ಬಿಡುವಿನಲ್ಲಿ ಇಡಿ. ಕಾರ್ಖಾನೆಯವರಿಗೆ ಅವರ ರಜೆಯ ದಿನ ಇನ್ನೊಂದು ಸರದಿ ಇರಲಿ. ಬಿದಿರು ಸೀಳಬಲ್ಲ ಹಿರಿಯರು ಕಲಿಸಲಿ, ದಿಲ್ಲಿಯಲ್ಲೇ ಹುಟ್ಟಿ ಕನ್ನಡವನ್ನು ತಡವರಿಸಿ ಆಡುವ ಮಕ್ಕಳು ಕಲಿಯಲಿ. ಮೊರ, ತೋರಣ, ಹಣತೆ, ಬಾಗಿನ ಎಂಬ ಮಾತುಗಳು ಪುಸ್ತಕದಿಂದ ನಾಲಗೆಗೆ ಬರುವುದಕ್ಕಿಂತ ಬೇಗ ಕೈಯಿಂದ ನಾಲಗೆಗೆ ಬರುತ್ತವೆ.

ಹೀಗೆ ಉಳಿದ ಹಣವನ್ನು ಅಂಚೆ ಕಚೇರಿಯ ಪುಸ್ತಕದಲ್ಲಿ ಹಾಕಿರಿ, ಮಗಳ ಶಾಲೆಯ ಫೀಸಿಗೆ ಇಡಿರಿ, ಊರಿನ ಸಾಲಕ್ಕೆ ಕಟ್ಟಿರಿ. ಮುಂದಿನ ದೀಪಾವಳಿಗೆ ನಿಮ್ಮ ಬಾಗಿಲಲ್ಲಿ ತೂಗುವ ಗೂಡುದೀಪ ನಿಮ್ಮದೇ ಇರಲಿ; ಅದರ ಕೆಳಗೆ ನಿಂತವನ ತಲೆಯ ಮೇಲೆ ಸಾಲ ಇಲ್ಲದಿರಲಿ.